ಕಾರಿನಲ್ಲಿ ಬರುವ ಪ್ರೇರಣೆ

ನಮ್ಮ ಶಾಲೆಗೆ ಪ್ರೇರಣೆ ಬರುವುದು ಯಾವಾಗಲೂ ಕಾರಿನಲ್ಲಿ. ತಿಂಗಳಿಗೊಂದಾದರೂ ಕಾರು ಬಂದು ನಿಲ್ಲುತ್ತದೆ. ಡಿಕ್ಕಿಯಲ್ಲಿ ಸುತ್ತಿಟ್ಟ ಫ್ಲೆಕ್ಸು, ನೀರಿನ ಬಾಟಲಿ, ಒಂದು ಮೈಕು. ಇಳಿದವರು ಮಕ್ಕಳ ಮುಂದೆ ನಿಂತು "ನೀವೆಲ್ಲ ವಿಜ್ಞಾನಿಗಳಾಗಬೇಕು, ಎಂಜಿನಿಯರುಗಳಾಗಬೇಕು" ಅನ್ನುತ್ತಾರೆ, ಊಟ ಮಾಡುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಬಿಸಿಲು ಇಳಿಯುವುದರೊಳಗೆ ಹೊರಟುಬಿಡುತ್ತಾರೆ, ಏಕೆಂದರೆ ಸಂಜೆಯಾದರೆ ಆ ರಸ್ತೆಗೆ ಆನೆ ಬರುತ್ತದೆ. ಪ್ರತಿ ಸಲವೂ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಆಗದಿದ್ದರೆ ನಮಗೇ ಏನೋ ಕಳೆದುಕೊಂಡ ಹಾಗೆ.

ನಾನು ವಿಜ್ಞಾನದ ಟೀಚರು. ಮನೆ ಯಳಂದೂರಿನಲ್ಲಿ, ಶಾಲೆ ಲೊಕ್ಕನಹಳ್ಳಿಯಿಂದ ಇನ್ನೂ ಒಳಕ್ಕೆ, ಕಾಡಂಚಿನ ಹಳ್ಳಿಯಲ್ಲಿ. ಕೊಳ್ಳೇಗಾಲದವರೆಗೆ ಬಸ್ಸು, ಅಲ್ಲಿಂದ ನಾವು ಟೀಚರುಗಳೆಲ್ಲ ಸೇರಿ ಮಾಡಿಕೊಂಡಿರುವ ಬಾಡಿಗೆ ವ್ಯಾನು. ವಿಜ್ಞಾನ ಪಾಠ ಮಾಡುವುದು ನನ್ನ ಕೆಲಸ ಅಂತ ಸರ್ಕಾರ ತಿಳಿದುಕೊಂಡಿದೆ. ಆದರೆ ವರ್ಷದಲ್ಲಿ ಅರ್ಧ ಹೊತ್ತು ನಾನು ಮಾಡುವುದು ಬರುವ ಅತಿಥಿಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಅಂತ ಮೊದಲೇ ವಿಚಾರಿಸಿಟ್ಟುಕೊಳ್ಳುವುದು.

ಈ ಪ್ರೇರಣೆಗಳೆಲ್ಲ ಒಟ್ಟಾಗಿ ಬಂದು ಬಿದ್ದದ್ದು ಹತ್ತನೇ ತರಗತಿಯ ಒಬ್ಬ ಹುಡುಗಿಯ ಮೇಲೆ. ಮುಂದಿನ ಬೆಂಚಿನವಳು. ಈರುಳ್ಳಿ ಪೊರೆಯ ಜೀವಕೋಶದ ಚಿತ್ರವನ್ನು ಅವಳಷ್ಟು ಚೆನ್ನಾಗಿ ಬರೆದವರನ್ನು ನಾನು ಕಂಡಿಲ್ಲ, ಆದರೆ ಅದನ್ನು ಮೈಕ್ರೋಸ್ಕೋಪಿನಲ್ಲಿ ಒಂದು ಸಲವೂ ನೋಡಿದವಳಲ್ಲ. ಅವಳ ಅಪ್ಪ ರಾಗಿ, ಜೋಳ ಬೆಳೆಯುವ ರೈತ. ಜೂನ್ ತಿಂಗಳಲ್ಲೇ ಬಂದು ನನ್ನ ಹತ್ತಿರ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

"ನಂಗೇನು ಓದುಸ್ಬಾರ್ದು ಅಂತಿಲ್ಲ ಮೇಡಮ್ಮೋರೆ. ಸೈನ್ಸು ಇರದು ಕೊಳ್ಳೇಗಾಲದಲ್ಲಿ. ಅಲ್ಲಿ ಒಂಬತ್ತಕ್ಕೇ ಬೆಲ್ ಒಡಿತಾರಂತ. ನಮ್ಮೂರಿಂದ ಬಸ್ಸು ಒಂಡದೇ ಒಂಬತ್ತೂವರೆಗೆ. ಆಸ್ಟೆಲ್‌ಗೆ ಅವರವ್ವ ಬುಡಲ್ಲ. ಬಸ್ಸಿದ್ರ ಸೈನ್ಸು, ಇಲ್ದಿದ್ರ ಹನೂರಲ್ಲಿ ಆರ್ಟ್ಸು."

ನಮ್ಮ ವ್ಯಾನಿನಲ್ಲಿ ಕಳಿಸೋಣ ಅಂದರೆ ಬೆಳಗ್ಗೆ ಅವಳು ಅತ್ತ ಹೋಗಬೇಕಾದ ಹೊತ್ತಿಗೆ ನಾವು ಇತ್ತ ಬರುತ್ತಿರುತ್ತೇವೆ. ಹೀಗಾಗಿ ಆ ವರ್ಷ ಯಾವ ಕಾರು ಬಂದರೂ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ ಬಸ್ಸು.

ಹಣ್ಣಿನ ಬುಟ್ಟಿ

ಮೊದಲು ಬಂದವರು ಬೆಂಗಳೂರಿನ ಒಬ್ಬ ಮಹಿಳಾ ವಿಜ್ಞಾನಿ. ಪಾಪ, ಒಳ್ಳೆಯ ಹೆಂಗಸು. ಮಕ್ಕಳ ಜೊತೆ ಎರಡು ಗಂಟೆ ಮಾತಾಡಬೇಕು ಅಂತ ಆಸೆಯಿಂದ ಬಂದಿದ್ದರು. ಕಾರ್ಯಕ್ರಮದ ಹೆಸರೇ "ವಿಜ್ಞಾನಿಯೊಂದಿಗೆ ಸಂವಾದ."

ಪ್ರಾರ್ಥನೆ ಆಯಿತು. ದೀಪ ಹಚ್ಚಬೇಕು ಅಂತ ಫ್ಯಾನ್ ಆರಿಸಿದರು, ಆಮೇಲೆ ಹಾಕುವುದನ್ನು ಮರೆತರು. ಸ್ವಾಗತ, ಪ್ರಾಸ್ತಾವಿಕ ನುಡಿ, ಊರಿನ ಹಿರಿಯರ ನುಡಿ, ಹಿರಿಯರ ನುಡಿಯ ಬಗ್ಗೆ ಇನ್ನೊಬ್ಬರ ನುಡಿ. ಆಮೇಲೆ ಸನ್ಮಾನ. ಶಾಲು ಹೊದಿಸಿದರು, ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದಾಗಿ ಆಕೆಯ ಕಣ್ಣಿನವರೆಗೂ ಜಾರಿತು. ಕೊನೆಗೆ ಬಣ್ಣದ ಪ್ಲಾಸ್ಟಿಕ್ ಸುತ್ತಿದ ದೊಡ್ಡ ಹಣ್ಣಿನ ಬುಟ್ಟಿ. ಅಷ್ಟು ಹೊತ್ತಿಗೆ ಬಿಸಿಯೂಟದ ಸಾರಿನ ವಾಸನೆ ಬರತೊಡಗಿತ್ತು. ನಮ್ಮ ಹೆಡ್ಮಾಸ್ಟರು ಎದ್ದು ತಾವು ಚಿಕ್ಕವರಿದ್ದಾಗ ವಿಜ್ಞಾನಿ ಆಗಬೇಕೆಂದಿದ್ದುದನ್ನು, ಆಗದೆ ಹೋದುದನ್ನು ವಿವರವಾಗಿ ಹೇಳಿ, "ಈಗ ಮೇಡಂ ಅವರು ಐದು ನಿಮಿಷ ಮಾತಾಡ್ತಾರೆ" ಅಂದರು.

ಆಕೆ ಪೇಟ ಮೇಲಕ್ಕೆ ಸರಿಸಿಕೊಂಡು, "ನೀವೇ ಏನಾದರೂ ಕೇಳಿ ಮಕ್ಕಳೇ" ಅಂದರು. ಹಿಂದಿನ ಸಾಲಿನಿಂದ ಒಂದು ದನಿ ಬಂತು. "ಮೇಡಂ, ಆ ಬುಟ್ಟಿಲಿರ ಹಣ್ಣ ಎಲ್ಲಾನೂ ನೀವೇ ತಕಂಡೋಯ್ತೀರಾ?"

ಹೆಡ್ಮಾಸ್ಟರ ಮುಖ ಕಪ್ಪಿಟ್ಟಿತು. ಆಕೆ ಮಾತ್ರ ಜೋರಾಗಿ ನಕ್ಕು ವೇದಿಕೆಯಿಂದ ಇಳಿದೇಬಿಟ್ಟರು. ಪ್ಲಾಸ್ಟಿಕ್ ಹರಿದರು, ಒಂದು ಬಕೆಟ್ ನೀರು ತರಿಸಿದರು. "ಯಾವ ಹಣ್ಣು ತೇಲುತ್ತೆ, ಯಾವುದು ಮುಳುಗುತ್ತೆ ಹೇಳಿ." ಸೇಬು ತೇಲಿತು. ದ್ರಾಕ್ಷಿ ಮುಳುಗಿತು. ಕಿತ್ತಳೆ ತೇಲಿತು, ಅದನ್ನೇ ಸುಲಿದು ಹಾಕಿದರೆ ಮುಳುಗಿತು. ಮಕ್ಕಳೆಲ್ಲ ಬಕೆಟ್ ಮೇಲೆ ಮುಗಿಬಿದ್ದರು. ನಮ್ಮ ಹುಡುಗಿ ಎಲ್ಲರ ನಡುವೆ ತಲೆ ತೂರಿಸಿ, "ಸಿಪ್ಪೆ ಒಳಗ ಗಾಳಿ ಅದ ಮೇಡಂ, ಅದಕ್ಕೇ ತೇಲ್ತಾ ಇತ್ತು" ಅಂದಳು.

"ನೀನು ಪಿಯುಸಿಯಲ್ಲಿ ಸೈನ್ಸ್ ತಗೋಬೇಕಮ್ಮ."

"ಬಸ್ಸಿಲ್ಲ ಮೇಡಂ."

ಆಕೆಗೆ ಅದು ಅರ್ಥವಾಗುವುದರೊಳಗೆ, ಫೋನಿನಲ್ಲಿ ಮಾತಾಡಲು ಆಚೆ ಹೋಗಿದ್ದ ಊರಿನ ಹಿರಿಯರು ಒಳಗೆ ಬಂದರು. ವೇದಿಕೆ ಖಾಲಿ, ಅತಿಥಿ ನೆಲದ ಮೇಲೆ, ಸನ್ಮಾನದ ಹಣ್ಣೆಲ್ಲ ಬಕೆಟಿನಲ್ಲಿ. "ಏನ್ ಮೇಷ್ಟ್ರೇ ಇದು?" ಅಂತ ಗದರಿದರು. ಹೆಡ್ಮಾಸ್ಟರು ಕೈ ಹಿಸುಕಿಕೊಂಡು, "ಊಟಕ್ಕೆ ಮುಂಚೆ ಹಣ್ಣು ತೊಳಿಬೇಕು ಅಂತ ತೋರಿಸ್ಕೊಡ್ತಾವ್ರೆ ಸಾ. ಸ್ವಚ್ಛತೆ ಬಗ್ಗೆ" ಅಂದರು.

ರೋಬೋಗೆ ನಿಂಬೆಹಣ್ಣು

ಆಮೇಲೆ ಒಂದು ದೊಡ್ಡ ಕಂಪನಿಯವರು ಬಂದು ಸಾಮಾನು ಕೊಟ್ಟು ಹೋದರು. ಒಂದು ಟೆಲಿಸ್ಕೋಪು, ಒಂದು ಮೈಕ್ರೋಸ್ಕೋಪು, ಬೂಟಿನಷ್ಟು ದೊಡ್ಡದಾದ ಒಂದು ರೋಬೋ ಗಾಡಿ. ಅವರ ಕಾರು ಗೇಟು ದಾಟಿದ್ದೇ ತಡ, ಹೆಡ್ಮಾಸ್ಟರು ಎಲ್ಲವನ್ನೂ ಒಂದು ಕೋಣೆಯಲ್ಲಿಟ್ಟು ಬೀಗ ಜಡಿದು ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡರು.

"ಸಾರ್, ಮಕ್ಕಳು ಬಳಸಬೇಕಲ್ಲ" ಅಂದೆ.

"ಬಳಸಿದ್ರೆ ಕೆಟ್ಟೋಗಲ್ವಾ ಮೇಡಂ? ಕೆಟ್ಟೋದ್ರೆ ಜವಾಬ್ದಾರಿ ಯಾರು? ಕಿಟಕಿ ಐತಲ್ಲ, ನೋಡ್ಲಿ."

ಹಾಗೆ ಮಕ್ಕಳು ಕಿಟಕಿಯ ಸರಳು ಹಿಡಿದು ವಿಜ್ಞಾನ ಕಲಿತರು. ನಮ್ಮ ಹುಡುಗಿಯಂತೂ ಪ್ರತಿ ದಿನ ಊಟದ ತಟ್ಟೆ ತೊಳೆದು ಬಂದು ಆ ಮೈಕ್ರೋಸ್ಕೋಪನ್ನು ಒಂದು ಸುತ್ತು ನೋಡಿಕೊಂಡು ಹೋಗುತ್ತಿದ್ದಳು.

ಕೋಣೆಯ ಬಾಗಿಲು ತೆರೆದದ್ದು ಆಯುಧಪೂಜೆಗೆ. ನಮ್ಮ ಹೆಡ್ಮಾಸ್ಟರು ಶಾಗ್ಯದ ಕಡೆಯವರು, ನಿಷ್ಠಾವಂತ ಶಿವಭಕ್ತರು, ಪೂಜೆ ಅಂದರೆ ಚೌಕಾಸಿ ಇಲ್ಲ. ಟೆಲಿಸ್ಕೋಪಿನ ಮೈಗೆಲ್ಲ ಮೂರು ಬೆರಳು ವಿಭೂತಿ, ಕಣ್ಣಿಟ್ಟು ನೋಡುವ ಗಾಜಿಗೆ ತುಂಬಾ ಕುಂಕುಮ. ಮೈಕ್ರೋಸ್ಕೋಪಿಗೂ ಮೇಲಿನ ಗಾಜಿಗೊಂದು, ಕೆಳಗಿನ ಗಾಜಿಗೊಂದು ಬೊಟ್ಟು. ಹುಡುಗಿ ಮನೆಯಿಂದ ಈರುಳ್ಳಿ ತಂದು ಪೊರೆ ಸುಲಿದು ಅಂಗೈಯಲ್ಲಿ ಹಿಡಿದು ನಿಂತಿದ್ದಳು. "ಸಾ, ವಸಿ ನೋಡ್ಲಾ?" ಅಂದಳು. "ಪೂಜೆ ಆದ್ಮೇಲೆ ಮುಟ್ಟಬಾರ್ದು ಕಣವ್ವ" ಅಂದರು ಹೆಡ್ಮಾಸ್ಟರು.

ಕೊನೆಯದು ರೋಬೋ. ಗಾಡಿ ಅಂದಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಡಲೇಬೇಕಲ್ಲ. ಮುಂದೆ ಸಾಲಾಗಿ ನಿಂಬೆಹಣ್ಣು ಇಟ್ಟು ಸ್ವಿಚ್ ಹಾಕಿದರು. ರೋಬೋ ಸರ್ರನೆ ಮುಂದೆ ಬಂತು, ನಿಂಬೆಹಣ್ಣಿನ ಹತ್ತಿರ ನಿಂತಿತು, ಹಿಂದಕ್ಕೆ ಸರಿದು ಪಕ್ಕಕ್ಕೆ ತಿರುಗಿ ಹೋಯಿತು. ಇನ್ನೊಂದು ಕಡೆಯಿಂದ ಬಿಟ್ಟರು. ಅಲ್ಲೂ ಹಾಗೇ. ಹೆಡ್ಮಾಸ್ಟರು ಎರಡು ಕೈಯಲ್ಲಿ ಹಿಡಿದು ನೂಕಿದರೂ ಅದು ಗಿರ್ರನೆ ತಿರುಗಿಕೊಂಡು ಹೋಯಿತೇ ಹೊರತು ಹಣ್ಣು ತುಳಿಯಲಿಲ್ಲ. ಅವರ ಹಣೆಯ ವಿಭೂತಿ ಬೆವರಿಗೆ ಕರಗತೊಡಗಿತು.

"ಏನ್ ಮೇಡಂ ಇದು ಅಪಶಕುನ?"

"ಅದನ್ನ ಮಾಡಿರೋದೇ ಹಾಗೆ ಸಾರ್. ಅಡ್ಡ ಬಂದದ್ದನ್ನ ತುಳೀಬಾರದು, ಕಂಡುಹಿಡಿದು ಸುತ್ತಿಕೊಂಡು ಹೋಗಬೇಕು. ಅದೇ ಅದರ ಬುದ್ಧಿವಂತಿಕೆ."

ಹೆಡ್ಮಾಸ್ಟರು ರೋಬೋವನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದರು. "ನಿಂಬೆಹಣ್ಣನ್ನೇ ತುಳಿಯಕ್ಕಾಗ್ದಿದ್ದು ಏನ್ ಬುದ್ಧಿವಂತಿಕೆ ಮೇಡಂ? ಇದು ಬರುವಾಗ್ಲೇ ಕೆಟ್ಟೋಗಿತ್ತು" ಅಂತ ಹೇಳಿ ಮತ್ತೆ ಬೀಗ ಹಾಕಿದರು.

ಮಧ್ಯಾಹ್ನದ ಮಂಗಳ

ದೀಪಾವಳಿ ಕಳೆದ ಮೇಲೆ "ಆಕಾಶ ವೀಕ್ಷಣೆ" ಅಂತ ಕಾರ್ಯಕ್ರಮ ಗೊತ್ತಾಯಿತು. ಉದ್ಘಾಟನೆಗೆ ಕಾರಿನಲ್ಲಿ ಒಬ್ಬ ಗಣ್ಯರು. ಅವರಿಗೆ ಸಂಜೆ ಯಳಂದೂರಿನಲ್ಲಿ ಒಂದು ಆರತಕ್ಷತೆ ಇತ್ತು. ಹಾಗಾಗಿ ಆಕಾಶ ವೀಕ್ಷಣೆಯನ್ನು ಮಧ್ಯಾಹ್ನ ಮೂರು ಗಂಟೆಗೆ ಇಟ್ಟರು.

"ಸಾರ್, ಆ ಹೊತ್ತಿಗೆ ಆಕಾಶದಲ್ಲಿ ಸೂರ್ಯ ಬಿಟ್ಟು ಏನೂ ಕಾಣಲ್ಲ. ಅದನ್ನ ನೋಡಿದರೆ ಕಣ್ಣೇ ಹೋಗುತ್ತೆ" ಅಂತ ಬಾಯಿ ಬಡಿದುಕೊಂಡೆ.

"ಉದ್ಘಾಟನೆ ಮೂರಕ್ಕೆ ಮೇಡಂ, ನಕ್ಷತ್ರ ಆಮೇಲೆ ಬರ್ಲಿ."

ಅನಾಹುತ ಬೇಡವೆಂದು ನಾನೇ ಟೆಲಿಸ್ಕೋಪನ್ನು ಸೂರ್ಯನಿಗೆ ಬೆನ್ನು ಮಾಡಿ ದೂರದ ಬೆಟ್ಟದ ಕಡೆಗೆ ತಿರುಗಿಸಿ ನಿಲ್ಲಿಸಿದೆ. ಗಾಜಿನ ಮೇಲಿನ ಕುಂಕುಮ ಒರೆಸಲು ಹೋದರೆ ಹೆಡ್ಮಾಸ್ಟರು ಕೈ ಹಿಡಿದರು, ಪೂಜೆಯ ಕುಂಕುಮ ಅಳಿಸಬಾರದಂತೆ. ಗಣ್ಯರು ಟೇಪು ಕತ್ತರಿಸಿ, ಕ್ಯಾಮೆರಾ ಕಡೆಗೆ ಒಮ್ಮೆ ನೋಡಿ, ಬಗ್ಗಿ ಗಾಜಿಗೆ ಕಣ್ಣಿಟ್ಟರು.

"ಕಾಣ್ತಾ ಇದೆ" ಅಂದರು ಗಂಭೀರವಾಗಿ. "ಕೆಂಪಗಿದೆ. ಪೂರ್ತಿ ಕೆಂಪಗಿದೆ."

ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅವರು ತಲೆಯೆತ್ತಿ ಮಕ್ಕಳ ಕಡೆ ತಿರುಗಿ, "ಮಕ್ಕಳೇ, ನಾನು ಈಗ ನೋಡಿದ್ದು ಮಂಗಳ ಗ್ರಹ. ನಿಮ್ಮಲ್ಲಿ ಒಬ್ಬರಾದರೂ ಒಂದು ದಿನ ಅಲ್ಲಿಗೆ ಹೋಗಬೇಕು" ಅಂತ ಮಂಗಳದ ಮೇಲೆ ಬಹಳ ಹೊತ್ತು ಮಾತಾಡಿದರು. ಬಲಗಣ್ಣಿನ ಸುತ್ತ ದುಂಡಗೆ ಕುಂಕುಮ ಮೆತ್ತಿತ್ತು. ಹೇಳುವ ಧೈರ್ಯ ಯಾರಿಗಿದೆ? ಆಮೇಲೆ ಅವರ ಜೊತೆ ಬಂದಿದ್ದ ಇನ್ನಿಬ್ಬರು ಅತಿಥಿಗಳೂ ಬಂದು ನೋಡಿ ಮಂಗಳವೇ ಹೌದೆಂದು ಒಪ್ಪಿಕೊಂಡರು. ಮೂವರೂ ಅದೇ ಕೆಂಪುಗಣ್ಣಿನಲ್ಲಿ ಆರತಕ್ಷತೆಗೆ ಹೋದರು.

ತಲೆಕೆಳಗಾದ ಆನೆ

ರಾಗಿ ಕೊಯ್ಲಿನ ಹೊತ್ತಿಗೆ ಆನೆಗಳು, ಅವು ಹೊಲಕ್ಕೆ ನುಗ್ಗದಿರಲೆಂದು ಕಾಡಂಚಿನಲ್ಲಿ ತೋಡಿದ್ದ ಟ್ರೆಂಚಿನ ಆಚೆ ಬಂದು ನಿಲ್ಲತೊಡಗಿದವು. ಒಂದು ಸಂಜೆ ಊರಿನವರೆಲ್ಲ ಗುಂಪಾಗಿ ಶಾಲೆಗೆ ಬಂದರು, ಮುಂದೆ ಹುಡುಗಿಯ ಅಪ್ಪ.

"ಮೇಷ್ಟ್ರೇ, ಆ ನಕ್ಷತ್ರ ನೋಡ ಕೊಳವೆ ವಸಿ ಕೊಡಿ. ಆನೆ ಎಷ್ಟವ, ಎತ್ಲಾಗ್ ಮಕ ಮಾಡವ ಅಂತ ನೋಡ್ಕಂಡು ಕೊಟ್ಬುಡ್ತೀವಿ."

ಮಕ್ಕಳಿಗೆ ಕೊಡದ ಹೆಡ್ಮಾಸ್ಟರು ಊರಿನವರಿಗೆ ಹೆದರಿ ಬೀಗ ತೆಗೆದರು. ಇದೇ ಸಮಯ ಅಂತ ನಾನು ಗಾಜನ್ನು ಹತ್ತಿಯಲ್ಲಿ ಒರೆಸಿ, ಶಾಲೆಯ ತಾರಸಿಯ ಮೇಲೆ ನಿಲ್ಲಿಸಿಕೊಟ್ಟೆ. ಹುಡುಗಿಯ ಅಪ್ಪ ಮೊದಲು ನೋಡಿದ. ನೋಡಿದವನೇ ಎರಡು ಹೆಜ್ಜೆ ಹಿಂದಕ್ಕೆ ಬಂದ.

"ಇದ್ಯಾವ್ ಜಾತಿ ಆನೆ ಮೇಡಮ್ಮೋರೆ? ಕಾಲ ಮ್ಯಾಕ್ ಮಾಡ್ಕಂಡು ನಡೀತಾ ಅದ."

ಒಬ್ಬೊಬ್ಬರೇ ನೋಡಿದರು. ಎಲ್ಲರಿಗೂ ಆನೆ ತಲೆಕೆಳಗಾಗಿಯೇ ಕಂಡಿತು. ಒಬ್ಬ ಮುದುಕ ಸಮಾಧಾನ ಹೇಳಿದ. "ಒಳ್ಳೇದೇ ಆಯ್ತು ಬುಡ್ಲಾ. ಇಂಗ್ ನಡಿಯ ಆನೆ ಟ್ರೆಂಚ್ ದಾಟದುಂಟಾ?"

ನಾನು ಬಾಯಿ ತೆರೆಯುವ ಮೊದಲೇ ಹುಡುಗಿ ಸೀಮೆಸುಣ್ಣ ತಂದು ತಾರಸಿಯ ಮೇಲೆ ಗೆರೆ ಎಳೆಯತೊಡಗಿದಳು. "ಆನೆ ನೆಟ್ಟಗೇ ಅದ ಅಪ್ಪ. ತಲೆ ಇಂದ ಬರ ಬೆಳಕು ಇಂಗ್ ಕೆಳಕ್ ಓಯ್ತದ, ಕಾಲಿಂದ ಬರದು ಇಂಗ್ ಮ್ಯಾಕ್ ಓಯ್ತದ. ನಕ್ಷತ್ರಕ್ಕ ಮ್ಯಾಲೆ ಕೆಳಗೆ ಅಂತ ಏನದ? ಅದಕ್ಕ ಇಂಗೇ ಮಾಡವ್ರೆ."

ಅಪ್ಪ ಗೆರೆ ನೋಡಿದ, ಮಗಳನ್ನು ನೋಡಿದ. "ಅಂಗಾದ್ರ ನಾವೇ ತಲೆಕೆಳಗಾದ್ರ?" ಅಂದ. ಅಷ್ಟೇ. ನೋಡುವ ಗಾಜಿಗೆ ಬೆನ್ನು ಮಾಡಿ ನಿಂತು, ಸೊಂಟ ಬಗ್ಗಿಸಿ, ಕಾಲುಗಳ ನಡುವಿನಿಂದ ಕಣ್ಣಿಟ್ಟ. "ಸರಿಯಾಗ್ ಕಾಣ್ತಾವ ಕನ್ರಪ್ಪ" ಅಂತ ಕೂಗಿದ. ಆಮೇಲೆ ಊರಿನ ಗಂಡಸರೆಲ್ಲ ಪಂಚೆ ಎತ್ತಿ ಕಟ್ಟಿ ಸಾಲಾಗಿ ಬಗ್ಗಿ ನಿಂತರು. ನಾನು ಮೆಟ್ಟಿಲ ಕಡೆಗೆ ಮುಖ ತಿರುಗಿಸಿಕೊಂಡೆ.

ಇಳಿದು ಹೋಗುವಾಗ ಅಪ್ಪ ನನ್ನ ಹತ್ತಿರ ನಿಂತ. "ಈ ಕೂಸು ಸೈನ್ಸೇ ಓದ್ಬೇಕು ಕನ ಮೇಡಮ್ಮೋರೆ" ಅಂದ. ನನಗೆ ಕಣ್ಣು ತುಂಬಿ ಬಂತು. "ಬಸ್ಸೇ ಇಲ್ವಲ್ಲ" ಅಂತ ಅವನೇ ಸೇರಿಸಿ ಹೋದ. ಹೆಡ್ಮಾಸ್ಟರು ಮಾತ್ರ ಬಗ್ಗಿ ನಿಂತವರ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದ್ದರು. ಕೆಳಗೆ ಬರೆದದ್ದು, "ಗ್ರಾಮಸ್ಥರಿಂದ ಯೋಗಾಸನ ಸಹಿತ ಆಕಾಶ ವೀಕ್ಷಣೆ."

ಮುಂದೆ ಏನಾಗುತ್ತೀಯ?

ಫೆಬ್ರವರಿಯಲ್ಲಿ ಕೊಳ್ಳೇಗಾಲದ ಒಂದು ಕಲ್ಯಾಣ ಮಂಟಪದಲ್ಲಿ ದೊಡ್ಡ ವಿಜ್ಞಾನ ಮೇಳ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನ ಮಕ್ಕಳು. ಕರೆದೊಯ್ಯಲು ನಡೆಸುವವರೇ ಬಸ್ಸು ಕಳಿಸಿದ್ದರು. ಬೆಳಗ್ಗೆ ಏಳಕ್ಕೆ ಸರಿಯಾಗಿ ಊರಿಗೆ ಬಂತು. ಹುಡುಗಿ ಹತ್ತಿದವಳೇ ಡ್ರೈವರನ್ನು, "ಅಣ್ಣ, ಇದು ದಿನಾ ಬತ್ತದಾ?" ಅಂತ ಕೇಳಿದಳು. ಅವನು ನಕ್ಕ.

ಹೆಡ್ಮಾಸ್ಟರು ಒಂದು ವಾರದಿಂದ ಮಕ್ಕಳಿಗೆ ಉರು ಹೊಡೆಸಿದ್ದರು. "ಏನಾಗ್ತೀಯ ಅಂದ್ರೆ ವಿಜ್ಞಾನಿ. ಯಾಕೆ ಅಂದ್ರೆ ದೇಶಸೇವೆ." ಮದುಮಕ್ಕಳು ಕೂರುವ ಕುರ್ಚಿಯಲ್ಲಿ ಕೂತಿದ್ದ ಮುಖ್ಯ ಅತಿಥಿ ಮೈಕು ಹಿಡಿದು ಮಕ್ಕಳ ನಡುವೆ ಬಂದರು. ಒಬ್ಬ ವಿಜ್ಞಾನಿ ಅಂದ, ದೇಶಸೇವೆ ಅಂದ. ಇನ್ನೊಬ್ಬಳೂ ವಿಜ್ಞಾನಿ, ದೇಶಸೇವೆ. ಯಳಂದೂರಿನ ಒಬ್ಬಳು ಗಗನಯಾತ್ರಿ ಅಂದಾಗ ಸಭೆಯೆಲ್ಲ ಚಪ್ಪಾಳೆ. ಆಮೇಲೆ ಮೈಕು ನಮ್ಮ ಹುಡುಗಿಯ ಹತ್ತಿರ ಬಂತು.

"ಡಿಪೋ ಮ್ಯಾನೇಜರ್ ಆಯ್ತೀನಿ ಸಾ."

ನಮ್ಮ ಹೆಡ್ಮಾಸ್ಟರು ಕುರ್ಚಿಯ ಕೈ ಹಿಡಿದುಕೊಂಡರು. ಅತಿಥಿ ನಗುತ್ತಾ, "ಯಾಕಮ್ಮಾ?" ಅಂದರು.

"ನಮ್ಮೂರಿಗೆ ಬೆಳಗ್ಗೆ ಬಸ್ಸಿಲ್ಲ ಸಾ. ಬಸ್ ಬುಡದು ಡಿಪೋ ಮ್ಯಾನೇಜರಂತೆ. ಮೊದ್ಲು ಅದಾಯ್ತೀನಿ, ಬಸ್ ಬುಡ್ತೀನಿ. ಆಮ್ಯಾಕೆ ಆ ಬಸ್ಸಲ್ಲಿ ಬಂದು ಸೈನ್ಸ್ ಓದ್ತೀನಿ."

"ಇನ್ನೂ ದೊಡ್ಡ ಕನಸು ಕಾಣಬೇಕು ಪುಟ್ಟಿ. ಚಂದ್ರನ ಮೇಲೆ ಹೋಗುವಂಥ ಕನಸು."

"ಕೊಳ್ಳೇಗಾಲಕ್ಕೇ ಓಗಕಾಯ್ತಿಲ್ಲ ಸಾ. ಅಲ್ಲಿಗೆ ಓದ್ಮೇಲೆ ಚಂದ್ರನ ವಿಚಾರ ನೋಡ್ತೀನಿ."

ಹಿಂದೆ ಕೂತಿದ್ದ ಮೂರು ತಾಲ್ಲೂಕಿನ ಹಳ್ಳಿ ಮಕ್ಕಳೂ ಹೋ ಅಂತ ಕೂಗಿದರು. ಕಾರ್ಯಕ್ರಮ ನಡೆಸುವವರು ಗಂಭೀರವಾಗಿ ತಲೆಯಾಡಿಸಿದರು. ಅವರಿಗೆ ಅರ್ಥವಾಗಿಬಿಟ್ಟಿತ್ತು, ಈ ಶಾಲೆಯ ಮಕ್ಕಳಿಗೆ ಏನು ಬೇಕು ಅಂತ. ಹದಿನೈದು ದಿನದಲ್ಲಿ ಫೋನ್ ಬಂತು. "ನಿಮ್ಮ ಮಕ್ಕಳ ಆಸಕ್ತಿ ಗಮನಿಸಿದ್ದೇವೆ. ಸಾರಿಗೆ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು ಅಂತ ಒಂದು ಉಪನ್ಯಾಸ ಇಟ್ಟಿದ್ದೇವೆ."

ಕಾರಿಲ್ಲದೆ ಬಂದ ಅತಿಥಿ

ಉಪನ್ಯಾಸಕ್ಕೆ ಒಬ್ಬ ಡಿಪೋ ಮ್ಯಾನೇಜರನ್ನೇ ಕಳಿಸಿದರು. ಅವರ ಜೀಪು ರಿಪೇರಿಗೆ ಬಿದ್ದಿತ್ತು. "ಪರವಾಗಿಲ್ಲ, ನಮ್ಮ ಬಸ್ಸಿನಲ್ಲೇ ಬರ್ತೀನಿ" ಅಂತ ಹೆಮ್ಮೆಯಿಂದ ಹೇಳಿದ್ದರು. ನಮ್ಮ ಶಾಲೆಗೆ ಕಾರಿಲ್ಲದೆ ಬಂದ ಮೊದಲ ಅತಿಥಿ ಅವರೇ.

ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಅವರು ಬಂದು ಇಳಿದದ್ದು ಮಧ್ಯಾಹ್ನ. ಅಂಗಿಯೆಲ್ಲ ಧೂಳು. ಸಮಯಪಾಲನೆಯೇ ಸಾರಿಗೆಯ ಜೀವಾಳ ಅಂತ ಬರೆದುಕೊಂಡು ಬಂದಿದ್ದ ಭಾಷಣವನ್ನು ಅವರೇ ಮಡಿಚಿ ಜೇಬಿಗೆ ಹಾಕಿಕೊಂಡು ಬೇರೇನೋ ಮಾತಾಡಿದರು. ಸಂಜೆ ಹಣ್ಣಿನ ಬುಟ್ಟಿ ಹಿಡಿದು ಬಸ್ ಸ್ಟಾಪಿನಲ್ಲಿ ನಿಂತರು. ಪಕ್ಕದ ಊರುಗಳ ಹುಡುಗಿಯರೂ ನಿಂತಿದ್ದರು. ನಮ್ಮ ಹುಡುಗಿ ಆ ಹುಡುಗಿಯರಿಗೆ ಜೊತೆಯಾಗಿ ಬಂದವಳು, ಕೊಳ್ಳೇಗಾಲದ ಕಾಲೇಜಿನ, ಇಲ್ಲದ ಬಸ್ಸಿನ ಕಥೆಯನ್ನೆಲ್ಲ ಅತಿಥಿಗೆ ಒಪ್ಪಿಸಿದ್ದಳು. ವ್ಯಾನಿಗೆ ಕಾಯುತ್ತಾ ನಾನೂ ಅಲ್ಲೇ ಇದ್ದೆ. ಬಸ್ಸಿನ ಸುಳಿವಿಲ್ಲ. ಹೊತ್ತು ಇಳಿಯತೊಡಗಿತು. ಮ್ಯಾನೇಜರು ಕಾಡಿನ ಕಡೆಗೆ ಆಗಾಗ ಕಣ್ಣು ಹಾಯಿಸುತ್ತಿದ್ದರು.

ಕೊನೆಗೆ ತಮ್ಮ ಡಿಪೋಗೇ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದರು.

"ಸಂಜೆ ಬಸ್ಸು ಎಲ್ಲಿದೆ?"

"ದಾರೀಲಿ ಅದ ಕಣ್ರಿ."

"ಯಾವ ದಾರೀಲಿ?"

"ನಿಮ್ಮೂರ ದಾರೀಲೇ. ದಿನಾ ಇಂಗೇ ಫೋನ್ ಮಾಡ್ತಿದ್ರ ನಾವು ಕೆಲ್ಸ ಮಾಡದು ಬೇಡ್ವಾ?"

"ಮಾತಾಡ್ತಾ ಇರೋದು ಯಾರು ಗೊತ್ತೇನ್ರಿ?"

"ಯಾರಾದ್ರೇನ್ರಿ, ಬಂದಾಗ ಅತ್ಕಳಿ." ಫೋನ್ ಕಟ್ ಆಯಿತು.

ಅವರು ಫೋನನ್ನೇ ನೋಡುತ್ತಾ ನಿಂತರು. ಹುಡುಗಿ ಹತ್ತಿರ ಬಂದು ಸಮಾಧಾನದ ದನಿಯಲ್ಲಿ ಹೇಳಿದಳು. "ಬೇಜಾರ್ ಮಾಡ್ಕಬೇಡಿ ಸಾ. ದಾರೀಲಿ ಅದ ಅಂದ್ರ ಇವತ್ತು ಬರಲ್ಲ ಅಂತ."

ಅಕ್ಕಪಕ್ಕದ ಹುಡುಗಿಯರನ್ನೆಲ್ಲ ಊರೂರಿಗೆ ಇಳಿಸಿಕೊಂಡು ನಮ್ಮ ವ್ಯಾನಿನಲ್ಲೇ ಅವರನ್ನು ಕೊಳ್ಳೇಗಾಲಕ್ಕೆ ಕರೆತಂದೆವು. ನಾಲ್ವರು ಟೀಚರುಗಳ ನಡುವೆ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಮಾತಿಲ್ಲದೆ ಕೂತಿದ್ದರು. ಇಳಿಯುವಾಗ ಕೇಳಿದ್ದು ಒಂದೇ ಮಾತು. "ಕಾಲೇಜು ಎಷ್ಟು ಗಂಟೆಗೆ ಅಂದಳು ಮೇಡಂ ಆ ಮಗು?"

ಹಸಿರು ಬಾವುಟ

ಹುಡುಗಿ ಹತ್ತನೇ ತರಗತಿ ಚೆನ್ನಾಗಿ ಪಾಸು ಮಾಡಿದಳು. ಆ ಡಿಪೋ ಮ್ಯಾನೇಜರೇ ಓಡಾಡಿ ಬೆಳಗಿನ ಬಸ್ಸು ಮಂಜೂರು ಮಾಡಿಸಿದ್ದಾರೆ ಅಂತ ತಿಳಿದು ಅಪ್ಪ ಧೈರ್ಯ ಮಾಡಿ ಕೊಳ್ಳೇಗಾಲದಲ್ಲಿ ಸೈನ್ಸಿಗೆ ಸೇರಿಸಿದ. ರಾತ್ರಿ ಹಳ್ಳಿಯಲ್ಲೇ ತಂಗಿ ಬೆಳಗ್ಗೆ ಏಳಕ್ಕೆ ಹೊರಡುವ ಬಸ್ಸು. ಎಲ್ಲ ಸಿದ್ಧ. ಕಾಲೇಜೂ ಶುರುವಾಯಿತು. ಬಸ್ಸು ಮಾತ್ರ ಬರಲಿಲ್ಲ, ಏಕೆಂದರೆ ಉದ್ಘಾಟನೆಗೆ ಮುಖ್ಯ ಅತಿಥಿಯ ಬಿಡುವು ಸಿಗಲಿಲ್ಲ. ಅಪ್ಪ ದಿನಾ ಬೈಕಿನಲ್ಲಿ ಬಿಟ್ಟು ಬಂದು ಸೋತುಹೋದ. "ಮೇಡಮ್ಮೋರೆ, ಈ ವಾರ ನೋಡ್ತೀನಿ. ಆಗ್ದಿದ್ರ ಟೀಸಿ ಈಸ್ಕಂಡು ಹನೂರಿಗೆ ಸೇರುಸ್ಬುಡ್ತೀನಿ" ಅಂದ.

ಅಂತೂ ಒಂದು ಸೋಮವಾರ ಗೊತ್ತಾಯಿತು. ಅವತ್ತೇ ಅವಳಿಗೆ ಒಂಬತ್ತು ಗಂಟೆಗೆ ಮೊದಲ ಪ್ರಾಕ್ಟಿಕಲ್. ನಾವು ಟೀಚರುಗಳು ಕತ್ತಲಲ್ಲೇ ಎದ್ದು ಬಂದಿದ್ದೆವು. ಬಸ್ಸಿಗೆ ಬಾಳೆಕಂದು, ಹೂವಿನ ಹಾರ, ಚಕ್ರಕ್ಕೆ ನಿಂಬೆಹಣ್ಣು. ಶಾಲೆಯ ಗೇಟಿನಿಂದ ಲೈಟ್ ಕಂಬಕ್ಕೆ ರಸ್ತೆಗಡ್ಡ ಟೇಪು. ಡಿಪೋ ಮ್ಯಾನೇಜರೂ ಬಂದಿದ್ದರು. ಹೆಡ್ಮಾಸ್ಟರು ತಟ್ಟೆಯಲ್ಲಿ ಕತ್ತರಿ, ಹಸಿರು ಬಾವುಟ ಹಿಡಿದು ನಿಂತಿದ್ದರು.

ಏಳಾಯಿತು. ಅತಿಥಿ ಇಲ್ಲ. ಏಳೂಕಾಲಾಯಿತು. ಹೆಡ್ಮಾಸ್ಟರು ಫೋನ್ ಮಾಡಿದರು. "ದಾರೀಲಿ ಅವ್ರಂತೆ."

ಬಸ್ಸಿನೊಳಗೆ ಕೂತಿದ್ದ ಹುಡುಗಿಗೆ ಅದು ಕೇಳಿಸಿತು. ಅವಳ ಅಪ್ಪ ಕೆಳಗೆ ನಿಂತು ನೆಲ ನೋಡುತ್ತಿದ್ದ. ಹುಡುಗಿ ಬಸ್ಸಿನಿಂದ ಇಳಿದು ನೇರ ಡಿಪೋ ಮ್ಯಾನೇಜರ ಮುಂದೆ ಬಂದು ನಿಂತಳು.

"ಸಾ, ದಾರೀಲಿ ಅವ್ರೆ ಅಂದ್ರ ಏನು ಅಂತ ನಿಮಗ್ ಗೊತ್ತಲ್ವಾ?"

ಅವರು ಅವಳನ್ನು ನೋಡಿದರು. ಟೇಪು ನೋಡಿದರು. ವಾಚು ನೋಡಿಕೊಂಡರು. ಆಮೇಲೆ ಕಂಡಕ್ಟರ ಕೈಯಿಂದ ವಿಷಲ್ ಕಿತ್ತುಕೊಂಡು ಉದ್ದಕ್ಕೆ ಊದಿ, "ರೈಟ್, ರೈಟ್" ಅಂದರು. ಹುಡುಗಿ ಓಡಿ ಹತ್ತಿಕೊಂಡಳು. ನಿಂಬೆಹಣ್ಣು ಪಚಕ್ ಅಂದವು. ಹೆಡ್ಮಾಸ್ಟರು "ಅಯ್ಯಯ್ಯೋ ಟೇಪು, ಟೇಪು" ಅನ್ನುತ್ತಾ ಹಿಂದೆ ಓಡಿದರು. ಬಸ್ಸು ಟೇಪನ್ನು ಮೂತಿಗೆ ಸಿಕ್ಕಿಸಿಕೊಂಡೇ ಹೊರಟುಹೋಯಿತು. ಅಪ್ಪ ತಿರುವಿನವರೆಗೂ ನೋಡುತ್ತಾ ನಿಂತಿದ್ದು, ಟವೆಲಿನಲ್ಲಿ ಮುಖ ಒರೆಸಿಕೊಂಡ.

ಅತಿಥಿ ಬಂದದ್ದು ಎಂಟು ಗಂಟೆಯ ಮೇಲೆ. ಕಾರಿನಿಂದ ಇಳಿದು, "ಬಸ್ಸೆಲ್ಲಿ?" ಅಂದರು. ಫೋಟೋದವರು ಕಾಯುತ್ತಿದ್ದರು. ಅಷ್ಟರಲ್ಲಿ ಡೈರಿಯ ಹಾಲಿನ ಟೆಂಪೋ ಬಂತು. ಹೆಡ್ಮಾಸ್ಟರು ಅದನ್ನೇ ಅಡ್ಡ ಹಾಕಿ ನಿಲ್ಲಿಸಿ, ಉಳಿದಿದ್ದ ಹಾರ ಹಾಕಿದರು. ಅತಿಥಿ ಬಾವುಟ ಬೀಸಿದರು. ಮಾರನೆಯ ದಿನ ಪತ್ರಿಕೆಯಲ್ಲಿ ಫೋಟೋ ಬಂತು, "ವಿಜ್ಞಾನ ವಿದ್ಯಾರ್ಥಿಗಳ ಬಸ್ಸಿಗೆ ಚಾಲನೆ." ಹಿಂದೆ ಹಾಲಿನ ಕ್ಯಾನುಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

ಅವತ್ತು ಸಂಜೆ ನಾನು ಬೇಕೆಂದೇ ವ್ಯಾನು ನಿಲ್ಲಿಸಿಕೊಂಡು ಕಾದೆ. ಬಸ್ಸು ಬಂತು, ಮೂತಿಯಲ್ಲಿ ಇನ್ನೂ ಟೇಪಿನ ತುಂಡಿತ್ತು. ಹುಡುಗಿ ಇಳಿದವಳೇ ನಗುತ್ತಾ ವರದಿ ಒಪ್ಪಿಸಿದಳು. ಲೊಕ್ಕನಹಳ್ಳಿ ಹತ್ತಿರ ಇಕ್ಕಟ್ಟಿನ ರಸ್ತೆಯಲ್ಲಿ ಎದುರಿಗೆ ಒಂದು ದೊಡ್ಡ ಕಾರು ಸಿಕ್ಕಿತಂತೆ. ಡ್ರೈವರು ಹಾರ್ನ್ ಮಾಡಿ ಮಾಡಿ ಅದನ್ನು ಹಿಂದಕ್ಕೆ ಕಳಿಸಿ, ದಾರಿ ಬಿಡಿಸಿಕೊಂಡು ಹೋದನಂತೆ. ಒಳಗೆ ಕೂತಿದ್ದವರು ಬಿಳಿ ಪಂಚೆಯವರು, ಕೈಯಲ್ಲಿ ಭಾಷಣದ ಕಾಗದ ಇತ್ತಂತೆ.

"ಅದಿರಲಿ ಕಣೆ, ಪ್ರಾಕ್ಟಿಕಲ್?" ಅಂದೆ.

"ಈರುಳ್ಳಿ ಪೊರೆನೇ ಇಟ್ಟಿದ್ರು ಮಿಸ್." ಅವಳ ದನಿ ತಗ್ಗಿತು, ಇನ್ನೂ ನಂಬಿಕೆ ಬಾರದವಳ ಹಾಗೆ. "ಅಲ್ಲಿ ಮೈಕ್ರೋಸ್ಕೋಪಿಗೆ ಯಾರೂ ಕುಂಕುಮನೇ ಇಟ್ಟಿಲ್ಲ ಮಿಸ್. ಎಲ್ಲಾ ಕಾಣ್ತದ."